ಪೇಢೆ-ಕುಂದಾ ಹುಟ್ಟಿಸಿದ ದೆವ್ವಗಳು

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಸಲವಾದರೂ ದೆವ್ವ ಕಾಣಿಸಿಕೊಳ್ಳುತ್ತಿತ್ತು. ಪ್ರತಿ ಸಲವೂ ನಾವು ಹೊಸದಾಗಿ ಹೆದರುತ್ತಿದ್ದೆವು. ಪ್ರತಿ ಸಲವೂ ಕೊನೆಗೆ ಆ ದೆವ್ವದ ಮೂತಿಗೆ ತಿಂದದ್ದು ಮೆತ್ತಿಕೊಂಡಿರುತ್ತಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಗೆ ಬಿದಿರು ಒದಗಿಸುವ ಒಂದು ಡೆಪೋದಲ್ಲಿ ನಾನು ಕಾರಕೂನನಾಗಿದ್ದೆ. ನಾನು ಧಾರವಾಡದ ಕಡೆಯವನು, ಹೆಂಡತಿ ಬೆಳಗಾವಿ ಕಡೆಯವಳು. ಜೊತೆಗೆ ಅವ್ವ. ಸಾಲುಮನೆಗಳ ಚಾಳಿನ ಕಟ್ಟಕಡೆಯ ಮನೆ ನಮ್ಮದು. ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಸಾಗವಾನಿ ಕಾಡು. ಅಲ್ಲಿಂದ ಗಾಳಿ ಬೀಸಿದಾಗ ಒಣ ಎಲೆಗಳ ಮೇಲೆ ಯಾರೋ ನಡೆದು ಬಂದ ಹಾಗೆ ಸಪ್ಪಳ. ಎದ್ದು ನೋಡಿದರೆ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಡೆಪೋದ ಬಿದಿರಿನ ರಾಶಿಯ ಸಂದಿಯಲ್ಲಿ ಎರಡು ನಾಯಿಮರಿ ಸಿಕ್ಕವು. ಮನೆಗೆ ತಂದೆ. ಕಂದು ಬಣ್ಣದ್ದನ್ನು ನೋಡಿ ಅವ್ವ "ಇದು ನಮ್ಮ ಧಾರವಾಡದ ಪೇಢೆ" ಅಂದಳು. ಬೆಳ್ಳಗಿನದನ್ನು ಎತ್ತಿಕೊಂಡು ಹೆಂಡತಿ "ಹಂಗಾದ್ರ ಇದು ನಮ್ಮ ಬೆಳಗಾವಿ ಕುಂದಾ" ಅಂದಳು. ಅದರ ಬಣ್ಣಕ್ಕೂ ಕುಂದಾಕ್ಕೂ ಸಂಬಂಧವಿರಲಿಲ್ಲ, ಆದರೆ ತವರಿನ ಮಾನದ ಪ್ರಶ್ನೆ. ಅಂದಿನಿಂದ ಆ ಎರಡಕ್ಕೂ ಹಾಲಿನಲ್ಲಿ ಮುರಿದ ಬಿಸಿ ರೊಟ್ಟಿ, ಮೇಲೆ ತುಪ್ಪ. ತಂಗಳು ನನಗೆ.

ಮೂಲೆಯಲ್ಲಿ ಕೂತವರು

ನಾವು ಬರುವ ಮೊದಲು ಆ ಮನೆ ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಅದಕ್ಕೂ ಹಿಂದೆ ಇದ್ದವರು ಒಲೆಯ ಮೇಲಿನ ಬೇಳೆಯನ್ನೂ ಇಳಿಸದೆ ಹೋಗಿದ್ದರಂತೆ. ಈ ಸುದ್ದಿಯನ್ನು ಮಗ್ಗಲ ಮನೆಯ ಕಾಕು ನಮಗೆ ಬಹಳ ಪ್ರೀತಿಯಿಂದ ತಿಳಿಸಿದ್ದರು.

"ಅಡಗಿಮನಿ ಮೂಲಿ ಛಲೋ ಇಲ್ರೀ. ಮಧ್ಯಾಹ್ನ ಅಲ್ಲಿ ಕೂಡಬ್ಯಾಡ್ರಿ."

ನಾವು ನಕ್ಕೆವು. ಆದರೆ ನಾಯಿಗಳಿಗೆ ಆರು ತಿಂಗಳಾದಾಗ ಆ ನಗು ಹೋಯಿತು. ಹನ್ನೆರಡಕ್ಕೆ ಕಾರ್ಖಾನೆಯ ಭೋಂಗಾ ಕೂಗಿ ನಿಲ್ಲುತ್ತಿತ್ತು. ಆಮೇಲೆ ಇಡೀ ಚಾಳಿಗೆ ಒಂದು ಥರದ ಮೌನ ಕವಿಯುತ್ತಿತ್ತು. ಒಂದು ದಿನ ಆ ಹೊತ್ತಿಗೆ ನಾನು ಊಟಕ್ಕೆ ಬಂದು ಕೂತಿದ್ದೆ. ಮಲಗಿದ್ದ ಪೇಢೆ ಎದ್ದು ನಿಂತಿತು. ಹಿಂದೆಯೇ ಕುಂದಾ. ಎರಡೂ ನಡೆದು ಹೋಗಿ ಅಡಿಗೆಮನೆಯ ಆ ಮೂಲೆಗೆ ಮುಖ ಮಾಡಿ ನಿಂತವು. ಬೆನ್ನ ಮೇಲಿನ ಕೂದಲು ನೆಟ್ಟಗಾದವು. ಗಂಟಲಿನಿಂದ ಸಣ್ಣಗೆ ಗುರ್ರ್ ಅಂತ ಸದ್ದು. ಮೂಲೆಯಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು.

ಅವ್ವ ಮೆಲ್ಲಗೆ ಅಂದಳು: "ಯಾರೋ ಕೂತಾರ. ಹಸದಾರ."

ಒಂದು ತಾಟಿನಲ್ಲಿ ಅನ್ನ, ರೊಟ್ಟಿ, ಪಲ್ಯ ಬಡಿಸಿ ಮೂಲೆಯಲ್ಲಿಟ್ಟಳು. ನಾಯಿಗಳನ್ನು ಹಿತ್ತಲಿಗೆ ಅಟ್ಟಿ, ಅಡಿಗೆಮನೆಯ ಬಾಗಿಲು ಹಾಕಿದಳು. ನಾವು ಮೂವರೂ ಹೊರಗೆ ಪಡಸಾಲೆಯಲ್ಲಿ ಕೂತೆವು. ಒಳಗಿನಿಂದ ತಾಟು ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದರೆ ತಾಟು ತೊಳೆದಿಟ್ಟಷ್ಟು ಸ್ವಚ್ಛ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಅವ್ವ ಆ ಮೂಲೆಗೆ ದಿನಾಲು ಎಡೆ ಇಡತೊಡಗಿದಳು. ನನಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ಈ ಮನೆ ಬಿಟ್ಟು ಹೋಗೋಣವೆಂದು ಹೆಂಡತಿ ಬಟ್ಟೆಗಂಟು ಕಟ್ಟಿಟ್ಟಳು.

ಹತ್ತನೆಯದೋ ಹನ್ನೊಂದನೆಯದೋ ದಿನ ಮನೆಯಲ್ಲಿ ಹಾಗಲಕಾಯಿ ಪಲ್ಯ. ಅಂದು ಬಾಗಿಲು ತೆಗೆದಾಗ ಅನ್ನ, ರೊಟ್ಟಿ, ತುಪ್ಪ ಎಲ್ಲ ಖಾಲಿಯಾಗಿತ್ತು. ಹಾಗಲಕಾಯಿ ಮಾತ್ರ ತಾಟಿನ ಅಂಚಿನಾಚೆ ಅಚ್ಚುಕಟ್ಟಾಗಿ ಬಿದ್ದಿತ್ತು.

ಹೆಂಡತಿ ಅದನ್ನೇ ನೋಡುತ್ತ ನಿಂತಳು. "ಅತ್ತೀ, ಅಷ್ಟು ಹಸದ ದೆವ್ವ ಹಾಗಲಕಾಯಿ ಯಾಕ ಬಿಡತೈತ್ರಿ?"

ಮರುದಿನ ನಾನು ಅಡಿಗೆಮನೆಯಲ್ಲೇ ಜೋಳದ ಕಣಜದ ಹಿಂದೆ ಅಡಗಿ ಕೂತೆ. ಹಿತ್ತಲಿಗೆ ತೆರೆದ ಬಚ್ಚಲ ಮೋರಿಯ ಕಡೆಯಿಂದ ಸರಸರ ಸದ್ದು ಬಂತು. ಕತ್ತಲೆಯ ತೂತಿನಿಂದ ಮೊದಲು ಒಂದು ಕಂದು ಮೂಗು ಹೊರಬಂತು, ಆಮೇಲೆ ಒಂದು ಬಿಳಿ ಮೂಗು. ಮೊದಲ ದಿನ ಅಲ್ಲಿ ಹಲ್ಲಿಯೋ ಇಲಿಯೋ ಇದ್ದಿರಬೇಕು. ಮೂಲೆಗೆ ಮುಖ ಮಾಡಿ ಗುರುಗುಟ್ಟಿದರೆ ಊಟ ಬರುತ್ತದೆಂದು ಆಮೇಲೆ ಅವಕ್ಕೆ ಗೊತ್ತಾಗಿತ್ತು.

ಅವ್ವನನ್ನು ಕರೆದು ತೋರಿಸಿದೆ. "ದೆವ್ವ ಅಲ್ಲವ್ವಾ, ನೋಡು. ನಮ್ಮ ನಾಯಿ."

ಅವ್ವ ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. "ಅಯ್ಯ, ಮೊದಲ ಗೊತ್ತಿದ್ರ ಎರಡು ತಾಟು ಇಡತಿದ್ನಲ್ಲೋ. ಒಂದ ತಾಟಿನ್ಯಾಗ ಹೆಂಗ ಉಂಡ್ವೋ ಪಾಪ!"

ತಲೆಯಿಲ್ಲದ್ದು

ಚಳಿಗಾಲದಲ್ಲಿ ಕಾಳಿ ಹೊಳೆಯಿಂದ ಏಳುವ ಮಂಜು ಡೆಪೋದೊಳಗೆ ನುಗ್ಗಿದರೆ ಒಂದು ಮಾರು ಆಚೆಗಿನದು ಕಾಣುತ್ತಿರಲಿಲ್ಲ. ಎರಡಾಳೆತ್ತರದ ಬಿದಿರಿನ ರಾಶಿಗಳು, ನಡುವೆ ಓಣಿಯಂಥ ದಾರಿಗಳು. ಒಂದು ಮುಂಜಾನೆ ನಾನು ಹೋದಾಗ ಆಳುಗಳೆಲ್ಲ ಗೇಟಿನ ಹೊರಗೇ ಕೂತಿದ್ದರು.

"ಏನಾತು?"

ಪಹರೆಯವ ಎದ್ದು ಬಂದ. ಅವನು ದಪ್ಪ ಮೀಸೆಯ ಧೈರ್ಯವಂತ. ಅವನ ತುಟಿ ನಡುಗುತ್ತಿತ್ತು. "ಸಾಹೇಬ್ರ, ಒಳಗ ಒಂದು ಬೆಳ್ಳಗಿಂದು ಅಡ್ಡಾಡಾಕತ್ತೈತ್ರಿ. ನಾಕ ಕಾಲು ಅದಾವ. ತಲಿ ಇಲ್ರಿ."

ಮುದುಕಿಯೊಬ್ಬಳು ಹೇಳಿದಳು, ಹಿಂದೊಂದು ಮಳೆಗಾಲದಲ್ಲಿ ಹೊಳೆ ದಾಟಲು ಹೋದವನೊಬ್ಬ ಮರಳಿ ಬಂದಿರಲಿಲ್ಲವಂತೆ. ಅವನ ಹೆಣವೂ ಸಿಕ್ಕಿರಲಿಲ್ಲ. ಅವನಿಗೂ ನಾಲ್ಕು ಕಾಲಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ಕಾರಕೂನನಾದ ತಪ್ಪಿಗೆ ನಾನು ಒಳಗೆ ಹೋಗಬೇಕಾಯಿತು. ಕೈಯಲ್ಲೊಂದು ಬಿದಿರಿನ ತುಂಡು. ಹತ್ತು ಹೆಜ್ಜೆಗೆ ಗೇಟು ಮಂಜಿನಲ್ಲಿ ಮಾಯವಾಯಿತು. ಎಡಗಡೆ ಎಲ್ಲೋ ಟಕ್ ಅಂತ ಸದ್ದು. ತುಸು ಬಿಟ್ಟು ಮತ್ತೆ ಟಕ್. ಆಮೇಲೆ ಬಾವಿಯೊಳಗಿಂದ ಯಾರೋ ನರಳಿದ ಹಾಗೆ "ಹೂಂ... ಹೂಂ..." ನಾನು ನಿಂತಲ್ಲೇ ದೇವರ ಹೆಸರು ನೆನೆದೆ. ಯಾವ ದೇವರ ಹೆಸರೂ ಪೂರ್ತಿ ಬಾಯಿಗೆ ಬರಲಿಲ್ಲ.

ಮಂಜಿನಲ್ಲಿ ಅದು ಕಂಡಿತು. ಬೆಳ್ಳಗಿನ ಮೈ. ಕುತ್ತಿಗೆಯ ತನಕ ಸರಿಯಾಗಿತ್ತು, ಅಲ್ಲಿಂದ ಮುಂದೆ ಏನೂ ಇಲ್ಲ. ನನ್ನ ವಾಸನೆ ಹಿಡಿದಂತೆ ತಿರುಗಿ ನೇರವಾಗಿ ನನ್ನ ಕಡೆಗೇ ಬಂತು. ನಾನು ಬಿದಿರಿನ ತುಂಡು ಎತ್ತಿ ಹಿಡಿದೆ. ಹತ್ತಿರ ಬಂದು ನನ್ನ ಪಾದದ ಮೇಲೆ ಕೂತುಕೊಂಡು ಬಾಲ ಅಲ್ಲಾಡಿಸಿತು.

ತಲೆಯ ಜಾಗದಲ್ಲಿ ಮಸಿ ಹಿಡಿದ ಮಣ್ಣಿನ ಗಡಗಿ. ಬಿದಿರಿನ ಕಪ್ಪು ನೆರಳಿನಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಮೆಲ್ಲಗೆ ಕುಟ್ಟಿ ಒಡೆದೆ. ಒಳಗಿನಿಂದ ಕುಂದಾನ ಮುಖ ಬಂತು, ಗದ್ದಕ್ಕೆ ಮೊಸರಿನ ಗಡ್ಡ. ರಾಶಿಯ ಹಿಂದೆ ಕಾಯುತ್ತ ಕೂತಿದ್ದ ಪೇಢೆ ಓಡಿ ಬಂದು ಆ ಗಡ್ಡವನ್ನು ನೆಕ್ಕತೊಡಗಿತು.

ಎರಡನ್ನೂ ಕರೆದುಕೊಂಡು ಗೇಟಿಗೆ ಬರುವಷ್ಟರಲ್ಲಿ ಮಗ್ಗಲ ಮನೆಯ ಕಾಕು ಏದುಸಿರು ಬಿಡುತ್ತ ಬಂದರು. "ಏನ್ರಪಾ, ನನ್ನ ಮೊಸರಿನ ಗಡಗಿ ಯಾರರೆ ನೋಡೀರೇನು?"

ಪಹರೆಯವ ಮೀಸೆ ಒರೆಸಿಕೊಂಡ. "ನೋಡೇವ್ರಿ ಕಾಕು. ಎಲ್ಲಾರೂ ನೋಡೇವಿ. ಅದನ್ನ ನೋಡೇ ಇಲ್ಲಿ ಹೊರಗ ಕುಂತೇವಿ."

ಅಜ್ಜಿಗೆ ಥಂಡಿ

ಹೆಂಡತಿಯ ಅಕ್ಕನನ್ನು ಮುಂಡಗೋಡಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೊರಟಾಗ ನಾಯಿಗಳನ್ನು ಬಿಟ್ಟು ಬರಲು ಅವ್ವ ಒಪ್ಪಲಿಲ್ಲ. ಬಸ್ಸಿನಲ್ಲಿ ನಾಯಿ ಹತ್ತಿಸಿಕೊಳ್ಳುವುದಿಲ್ಲ ಅಂದೆ. "ನಾಯಿ ಅಂತ ಹೇಳಿದ್ರ ತಾನ" ಅಂದಳು.

ಕುಂದಾ ನನ್ನ ಸೀಟಿನ ಕೆಳಗೆ ಬುಟ್ಟಿಯಲ್ಲಿ. ಪೇಢೆಯನ್ನು ಅವ್ವ ಕೌದಿಯಲ್ಲಿ ಸುತ್ತಿ, ಕೌದಿಯ ತುದಿಯನ್ನು ಮುಖದ ಮೇಲೆ ಎಳೆದು ತೊಡೆಗೆ ಒರಗಿಸಿಕೊಂಡಿದ್ದಳು. ಸುರಿಯುವ ಮಳೆ. ಕಿಟಕಿಗಳಿಗೆ ತಾಡಪತ್ರಿ ಇಳಿಬಿಟ್ಟಿದ್ದರಿಂದ ಮಧ್ಯಾಹ್ನವೇ ಬಸ್ಸಿನೊಳಗೆ ಕತ್ತಲೆ.

ಕಂಡಕ್ಟರ ಬಂದ. "ಯಾರ್ರೀ ಇವರು?"

"ನಮ್ಮತ್ತಿ. ಥಂಡಿ ಆಗೈತಿ."

ಅವ್ವನ ಅತ್ತೆ, ಅಂದರೆ ನನ್ನ ಅಜ್ಜಿ, ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ನಾನು ತಾಡಪತ್ರಿಯ ಕಡೆ ಮುಖ ಮಾಡಿದೆ.

"ವಯಸ್ಸೆಷ್ಟ್ರಿ?"

ಅವ್ವನಿಗೆ ಸುಳ್ಳು ಹೇಳುವ ರೂಢಿ ಇರಲಿಲ್ಲ. "ಎರಡು" ಅಂದಳು. ಹೆಂಡತಿ ತಕ್ಷಣ "ಎಂಬತ್ತೆರಡು" ಅಂದಳು.

ಕಾಡಿನ ನಡುವೆ ರಸ್ತೆಗೆ ಬಿದಿರಿನ ಮೆಳೆ ಬಿದ್ದಿತ್ತು. ಡ್ರೈವರ ಎಂಜಿನ್ ಬಂದ್ ಮಾಡಿ ಕಂಡಕ್ಟರನೊಡನೆ ಇಳಿದು ಹೋದ. ಬಸ್ಸಿನ ಟಾಪಿನ ಮೇಲೆ ಮಳೆಯ ಸದ್ದೊಂದೇ. ಆ ಸದ್ದಿನಲ್ಲಿ ಕೌದಿಯೊಳಗಿಂದ ಉದ್ದನೆಯ ನರಳಾಟ ಕೇಳಿಬಂತು. ಸತ್ತ ನನ್ನ ಅಜ್ಜಿ ಹೀಗೆಯೇ ನರಳುತ್ತಿದ್ದಳು. ಅದು ಪೇಢೆ ಎಂದು ಗೊತ್ತಿದ್ದ ನನಗೇ ಬೆನ್ನು ತಣ್ಣಗಾಯಿತು.

ಎದುರು ಸೀಟಿನಲ್ಲಿ ಕೋಟು ತೊಟ್ಟ ಯಜಮಾನರೊಬ್ಬರಿದ್ದರು. ತೊಡೆಯ ಮೇಲೆ ಉಂಡಿಯ ಡಬ್ಬಿ. ಅವರ ಕರುಳು ಚುರುಕ್ ಅಂದಿತು. "ಪಾಪ, ಅಜ್ಜಿಗಿ ಹಸುವಾಗಿರಬೇಕ್ರಿ" ಎಂದು ಒಂದು ಬೇಸನ್ ಉಂಡಿ ತೆಗೆದು ಕೌದಿಯ ಹತ್ತಿರ ಹಿಡಿದರು. ಅವ್ವ ಬೇಡ ಬೇಡ ಅನ್ನುವಷ್ಟರಲ್ಲಿ ಕೌದಿಯ ಕತ್ತಲೆಯಿಂದ ಗೇಣುದ್ದದ ನಾಲಿಗೆಯೊಂದು ಬಂತು. ಉಂಡಿ ಹೋಯಿತು. ಅವರ ಬೆರಳು, ಅಂಗೈ, ಮಣಿಕಟ್ಟು ಎಲ್ಲ ಒದ್ದೆ.

ಅವರು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಆಗಲೇ ಉಂಡಿಯ ವಾಸನೆ ಹಿಡಿದ ಕುಂದಾ ಬುಟ್ಟಿಯಿಂದ ಮೂತಿ ಚಾಚಿ ಅವರ ಹಿಮ್ಮಡಿಗೆ ತಣ್ಣನೆಯ ಮೂಗು ಒತ್ತಿತು. ಅವರು ಎರಡೂ ಕಾಲು ಸೀಟಿನ ಮೇಲೆತ್ತಿ ಮುದುಡಿ ಕೂತರು.

ಮುಂದಿನ ನಿಲುಗಡೆ ಅವರ ಊರು ಹೌದೋ ಅಲ್ಲವೋ ಗೊತ್ತಿಲ್ಲ, ಅವರು ಇಳಿದರು. ಇಳಿಯುವ ಮುಂಚೆ ಡಬ್ಬಿಯನ್ನೇ ಅವ್ವನ ಮಗ್ಗಲು ಇಟ್ಟು ಕೈಮುಗಿದರು. "ಅವ್ವಾರ, ಎಲ್ಲಾ ಅಜ್ಜಿಗೇ ಕೊಡ್ರಿ. ನಾ ಇಳಿದು ಸ್ವಲ್ಪ ದೂರ ಹೋದ ಮ್ಯಾಲ ಕೊಡ್ರಿ."

ಚಿರತೆಯ ಬಾಯಿ

ಜೋಯಿಡಾ ಕಡೆ ಬಿದಿರು ಕಡಿಸುವ ಕೆಲಸಕ್ಕೆ ನನ್ನನ್ನು ಒಂದು ತಿಂಗಳು ಹಾಕಿದರು. ಮನೆಮಂದಿಯೆಲ್ಲ ಹೋದೆವು. ಕೊಂಕಣಿ ಮಾತಾಡುವ ಒಬ್ಬ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಅವರ ಮನೆಯ ಹಿಂದೆ ಒಣಮೀನು ತೂಗುಹಾಕಿದ್ದನ್ನು ನೋಡಿ ಅವ್ವ ಮೂಗು ಮುಚ್ಚಿಕೊಂಡಳು. ಆಮೇಲೆ ಭರವಸೆ ಕೊಟ್ಟಳು. "ನಮ್ಮ ನಾಯಿದು ಚಿಂತಿ ಮಾಡಬ್ಯಾಡ್ರಿ. ಅವು ಹುಟ್ಟಿದಾಗಿಂದ ಬೆಳ್ಳುಳ್ಳಿ ಸೈತ ಮುಟ್ಟಿಲ್ಲ."

ನಾಲ್ಕನೆಯ ದಿನ ಮುಂಜಾನೆ ನೀರಿನ ಝರಿಯ ಹತ್ತಿರ ಚಿರತೆಯ ಹೆಜ್ಜೆ ಕಂಡವು. ಅರಣ್ಯ ಇಲಾಖೆಯ ಗಾರ್ಡ್ ಬಂದು ಕೂತು ನೋಡಿ, ತನ್ನ ಅಂಗೈ ಅದರ ಪಕ್ಕ ಇಟ್ಟ. "ಹೊಸಾ ಹೆಜ್ಜಿ. ನಾಯಿ ಹುಷಾರು ಸಾಹೇಬ್ರ. ನಾಯಿ ಅಂದ್ರ ಅದಕ್ಕ ಭಾಳ ರುಚಿ."

ಅದೇ ಸಂಜೆ ಪೇಢೆ-ಕುಂದಾ ಕಾಣೆಯಾದವು.

ಕರೆದೆವು, ತಾಟು ಬಡಿದೆವು. ತಾಟಿನ ಸದ್ದಿಗೆ ಬರದೇ ಇದ್ದದ್ದು ಅವುಗಳ ಜನ್ಮದಲ್ಲಿ ಅದೇ ಮೊದಲು. ಅವ್ವ ಹಾಲು-ರೊಟ್ಟಿಯ ತಾಟು ಮುಂದಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ಅದನ್ನು ನೋಡಲಾರದೆ ನಾನು ಗಾರ್ಡನನ್ನು ಕರೆದುಕೊಂಡು ಹೊರಟೆ. ಬೆಳಕು ಇಳಿಯುತ್ತಿತ್ತು. ಹಕ್ಕಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಗಾರ್ಡ್ ನನ್ನ ರಟ್ಟೆ ಹಿಡಿದು ನಿಲ್ಲಿಸಿದ.

ಮೆಳೆಯೊಳಗಿಂದ ಸದ್ದು ಬರುತ್ತಿತ್ತು. ಕಟಂ. ಕಟಂ. ಕಟಂ.

"ಎಲುವು ಕಡ್ಯಾಕತ್ತೈತಿ" ಎಂದು ಪಿಸುಗುಟ್ಟಿದ.

ಪೇಢೆಯೋ, ಕುಂದಾನೋ? ಅವ್ವನಿಗೆ ಯಾವುದರ ಹೆಸರು ಹೇಳಲಿ? ಗಾರ್ಡ್ ಒಣಹುಲ್ಲಿನ ದೊಂದಿ ಹೊತ್ತಿಸಿ ಮುಂದೆ ಹಿಡಿದ. ಮೆಳೆಯೊಳಗೆ ನಾಲ್ಕು ಕಣ್ಣು ಹೊಳೆದವು.

ಎರಡೂ ಎದುರುಬದುರು ಆರಾಮಾಗಿ ಮಲಗಿದ್ದವು. ನಡುವೆ ಒಣ ಬಂಗಡೆ ಮೀನಿನ ಒಂದು ಇಡೀ ಸರ. ಅರ್ಧ ಮುಗಿದಿತ್ತು.

ನಗು ಬರಬೇಕಾಗಿತ್ತು. ಬರಲಿಲ್ಲ. ದೊಂದಿಯ ಬೆಳಕಿನಲ್ಲಿ ಗಾರ್ಡ್ ನೆಲ ತೋರಿಸಿದ. ನಾಯಿಗಳಿಂದ ನಾಲ್ಕೇ ಮಾರು ಆಚೆ, ಹಸಿ ಮಣ್ಣಿನಲ್ಲಿ ಅದೇ ದೊಡ್ಡ ಹೆಜ್ಜೆ. ಅದರೊಳಗೆ ನೀರು ಇನ್ನೂ ಜಿನುಗುತ್ತಿತ್ತು. ನಾವು ಬಂದದ್ದನ್ನು ನೋಡಿ ಚಿರತೆ ಆಗಷ್ಟೇ ಎದ್ದು ಹೋಗಿತ್ತು. ಒಂದೊಂದು ನಾಯಿ ಎತ್ತಿಕೊಂಡು ನಾವಿಬ್ಬರೂ ಹಿಂದೆ ನೋಡದೆ ಮನೆಗೆ ಬಂದೆವು.

ಅವ್ವ ಎರಡನ್ನೂ ಎದೆಗೆ ಅವಚಿಕೊಂಡಳು. ಮರುಕ್ಷಣ ಮೂಗು ಹಿಂಡಿದಳು. "ಏನೋ ಇದು, ಇಂಥಾ ಹೊಲಸು ವಾಸನಿ?"

ನಾನು ಗಾರ್ಡನ ಮುಖ ನೋಡಿದೆ, ಗಾರ್ಡ್ ನನ್ನ ಮುಖ ನೋಡಿದ.

ಅವ್ವನೇ ಉತ್ತರ ಕಂಡುಕೊಂಡಳು. "ಅಯ್ಯಯ್ಯ! ಚಿರತಿ ಬಾಯಿ ವಾಸನಿ! ಎಷ್ಟ ಸಮೀಪ ಬಂದಿತ್ತೋ ಶಿವನೇ!"

ಹಿತ್ತಲಲ್ಲಿ ಖಾಲಿ ಹಗ್ಗ ಹಿಡಿದು "ಮ್ಹಜೆ ಬಾಂಗಡೆ!" ಎಂದು ಕೂಗುತ್ತಿದ್ದ ಮನೆಯೊಡತಿ ಅಲ್ಲಿಗೆ ಬಂದರು. ಅವ್ವನ ಕಣ್ಣೀರು ನೋಡಿದರು. ನಾಯಿಯ ಮೀಸೆಗೆ ಅಂಟಿದ್ದ ಮೀನಿನ ಚೂರನ್ನೂ ನೋಡಿದರು. ಆಮೇಲೆ ಹಗ್ಗವನ್ನು ಮೆಲ್ಲಗೆ ಸುತ್ತುತ್ತ ತಮ್ಮ ಕನ್ನಡದಲ್ಲಿ ಅಂದರು: "ಹೌದು ಆಯೀ. ಆ ಚಿರತೆ ಬಹಳ ಕೆಟ್ಟದು. ನನ್ನ ಬಾಂಗಡೆ ಸಹ ಅದೇ ತಿಂತು."

ಕಾಗೆ ಇಳಿಯಲಿಲ್ಲ

ತೇರಗಾಂವದಲ್ಲಿ ನನ್ನ ದೊಡ್ಡಪ್ಪ ತೀರಿಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು. ಯಾವುದೋ ಮದುವೆಯ ಪಂಕ್ತಿಯಲ್ಲಿ ತಮ್ಮನ ಹೆಂಡತಿ ತುಪ್ಪ ಬಡಿಸುತ್ತ ಅಣ್ಣನ ಎಲೆ ದಾಟಿ ಮುಂದೆ ಹೋದಳಂತೆ. ಅಂದಿನಿಂದ ಆರು ವರ್ಷ ಅಣ್ಣತಮ್ಮರಿಗೆ ಮಾತಿರಲಿಲ್ಲ. ಒಂದೇ ಮನೆ, ನಡುವೆ ಗೋಡೆ, ಎರಡು ಒಲೆ. ದೊಡ್ಡಪ್ಪನೂ ದೊಡ್ಡವ್ವನೂ ಮುಂದಿನ ಕಟ್ಟೆಯ ಮೇಲೆ ಕೂತು, ಒಂದು ಹೊತ್ತು ಆ ಕಡೆ, ಒಂದು ಹೊತ್ತು ಈ ಕಡೆ ಉಣ್ಣುತ್ತಿದ್ದರು.

ಹತ್ತನೆಯ ದಿನದ ಕರ್ಮಕ್ಕೆ ನಾವು ಹೋದೆವು. ನಾಯಿಗಳೂ ಬಂದವು. ಅವನ್ನು ದನದ ಕೊಟ್ಟಿಗೆಯ ಗೂಟಕ್ಕೆ ನಾನೇ ಕೈಯಾರೆ ಕಟ್ಟಿದ್ದೆ.

ಕೆರೆಯ ದಂಡೆಯ ಮೇಲೆ ಬಾಳೆಎಲೆಯಲ್ಲಿ ಎರಡು ಪಿಂಡ ಇಟ್ಟರು. ಕಾಗೆ ಬಂದು ಮುಟ್ಟಬೇಕು. ಎದುರಿನ ಆಲದ ಮರದ ತುಂಬ ಕಾಗೆ. ಒಂದೂ ಇಳಿಯಲಿಲ್ಲ. ಒಂದೂ ಕೂಗಲೂ ಇಲ್ಲ. ಎಲ್ಲವೂ ತಲೆ ಓರೆ ಮಾಡಿ ನಮ್ಮನ್ನೇ ನೋಡುತ್ತಿದ್ದವು. ಗಾಳಿ ನಿಂತಿತ್ತು. ಕೆರೆಯ ನೀರಿನಲ್ಲಿ ಒಂದು ಅಲೆ ಇಲ್ಲ. ಹೊತ್ತು ನೆತ್ತಿಗೆ ಬಂತು.

ಕರ್ಮ ಮಾಡಿಸುವವರು ಮೆಲ್ಲಗೆ ಹೇಳಿದರು, "ಅವರ ಮನಸ್ಸಿನ್ಯಾಗ ಏನೋ ಉಳದೈತಿ. ಮಾತು ಕೊಡ್ರಿ."

ಅಣ್ಣ ಮುಂದೆ ಬಂದು ಕೈಮುಗಿದ. "ಅಪ್ಪಾ, ಅವ್ವನ್ನ ನಾ ನೋಡ್ಕೋತೇನಿ." ಕಾಗೆ ಅಲ್ಲಾಡಲಿಲ್ಲ. ತಮ್ಮ ಬಂದ. "ಅಪ್ಪಾ, ನಿನ್ನ ಎಮ್ಮಿ ಮಾರೂದಿಲ್ಲ." ಅಲ್ಲಾಡಲಿಲ್ಲ. ನಮ್ಮ ಅವ್ವನೂ ಕೈಮುಗಿದು, "ಭಾವಾ, ಹೋದ ಸಲ ನೀವು ಕೇಳಿದ್ದ ಮಾವಿನ ಉಪ್ಪಿನಕಾಯಿ ಭರಣಿ ಬುಡದಾಗ ಇತ್ತು, ಇಲ್ಲಂದಿದ್ದೆ, ತಪ್ಪಾತು" ಅಂದಳು. ಕಾಗೆಗಳು ಹಾಗೆಯೇ ನೋಡುತ್ತಿದ್ದವು. ಸತ್ತವರು ಅಲ್ಲೇ ನಮ್ಮ ನಡುವೆ ನಿಂತು ಒಬ್ಬೊಬ್ಬರ ಮಾತನ್ನೂ ಕೇಳಿ, ಇದಲ್ಲ, ಇದಲ್ಲ ಎಂದು ತಲೆಯಾಡಿಸುತ್ತಿದ್ದಾರೆ ಅನಿಸಿತು.

ಆಗ ಮರದಡಿ ಕೂತಿದ್ದ ದೊಡ್ಡವ್ವ ಎದ್ದು ಬಂದಳು. ಹತ್ತು ದಿನದಿಂದ ಅವಳು ಒಂದು ಮಾತೂ ಆಡಿರಲಿಲ್ಲ.

"ಅವರಿಗೆ ಏನು ಬೇಕಂತ ನನಗ ಗೊತ್ತೈತಿ. ಇಬ್ಬರೂ ಕೂಡಿ ಒಂದ ತಾಟಿನ್ಯಾಗ ಉಣ್ರಿ. ಅದನ್ನ ನೋಡಬೇಕು, ಅದನ್ನ ನೋಡಬೇಕು ಅಂತನ ಜೀವ ಬಿಟ್ರು."

ಅಣ್ಣತಮ್ಮರು ನೆಲ ನೋಡುತ್ತ ನಿಂತರು. ಕೊನೆಗೆ ತಮ್ಮ "ಅಣ್ಣಾ" ಅಂದ. ಅಷ್ಟೇ. ಅಣ್ಣ ತಮ್ಮನನ್ನು ತಬ್ಬಿಕೊಂಡ. ಸುತ್ತಲಿದ್ದವರೆಲ್ಲ ಅತ್ತರು. ನಾನೂ ಅತ್ತೆ.

ಆಗ ನನ್ನ ಬೆನ್ನ ಹಿಂದಿನ ಲಂಟಾನದ ಪೊದೆ ಅಲ್ಲಾಡಿತು. ಗೂಟಕ್ಕೆ ಕಟ್ಟಿದ್ದ ಹಗ್ಗದ ತುಂಡುಗಳನ್ನು ಎಳೆಯುತ್ತ ಪೇಢೆ ಮತ್ತು ಕುಂದಾ ಹೊರಗೆ ಬಂದವು. ಮುಂಜಾನೆಯಿಂದ ಅಲ್ಲೇ ಹೊಂಚು ಹಾಕಿ ಮಲಗಿದ್ದವು. ನೇರ ಹೋಗಿ ಪೇಢೆ ಒಂದು ಪಿಂಡ, ಕುಂದಾ ಒಂದು ಪಿಂಡ ನುಂಗಿ ಎಲೆಯನ್ನೂ ನೆಕ್ಕಿದವು.

ಅಣ್ಣ ಮರದ ಮೇಲಿನ ಕಾಗೆಗಳನ್ನು ನೋಡಿದ. ಪೊದೆ ನೋಡಿದ. ನಾಯಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಕಾಗಿ ಇಳೀಲಿಲ್ಲಂದ್ರ... ನಿನ್ನ ನಾಯಿಗೆ ಹೆದರಿ ಏನು?"

ತಮ್ಮನ ಹೆಗಲ ಮೇಲಿದ್ದ ಅವನ ಕೈ ಮೆಲ್ಲಗೆ ಸಡಿಲವಾಗುವುದು ನನಗೆ ಕಾಣಿಸಿತು. ತಮ್ಮನೂ ಅರ್ಧ ಹೆಜ್ಜೆ ಹಿಂದೆ ಸರಿದ. ಆ ಕೆರೆಯಲ್ಲೇ ಮುಳುಗಿಬಿಡಬೇಕು ಅನಿಸಿತು ನನಗೆ.

ದೊಡ್ಡವ್ವ ಮಾತ್ರ ಪೇಢೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಮುಖವನ್ನೇ ದಿಟ್ಟಿಸಿದಳು. ಪೇಢೆ ಹೊಟ್ಟೆ ತುಂಬಿದ ಸಮಾಧಾನದಿಂದ ಎಡಮೀಸೆ ಒಮ್ಮೆ, ಬಲಮೀಸೆ ಒಮ್ಮೆ ನೆಕ್ಕಿಕೊಂಡು ತೇಗಿತು. ದೊಡ್ಡವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ನಿಮ್ಮಪ್ಪ ಕಾಗಿ ಆಗೇ ಬರಬೇಕಂತ ಯಾರು ಹೇಳ್ಯಾರ? ನೋಡ್ರೋ, ಸರಿ ನೋಡ್ರಿ. ನಲವತ್ತು ವರ್ಷ ಊಟಾ ಆದ ಮ್ಯಾಲ ಇವರು ಹಿಂಗ ಮೀಸಿ ನೆಕ್ಕಿ, ಹಿಂಗ ತೇಗತಿದ್ರು."

ಇಬ್ಬರು ಮಕ್ಕಳೂ ಬಗ್ಗಿ ನೋಡಿದರು. ಪೇಢೆ ಮತ್ತೊಮ್ಮೆ ತೇಗಿತು. ಅಣ್ಣನ ಮುಖ ಬಿಳುಚಿಕೊಂಡಿತು. ಹೆಗಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿ, ನಾಯಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಎದ್ದು ತಮ್ಮನ ಕೈ ಹಿಡಿದ.

"ನಡಿಯೋ ತಮ್ಮಾ, ನಾವೂ ಉಣ್ಣಾಕ ಹೋಗೂಣು. ಅಪ್ಪಂದು ಆತು."